ಸಿಂಗಪುರದಲ್ಲಿ ಒಂದು ಗಿಡದ ಕುಯ್ಲು

ಮೂಡಿಗೆರೆ
12 ಮಾರ್ಚ್ 1998

ಕಳಸದ ದ್ಯಾವಮ್ಮನವರಿಗೆ ಮೂಡಿಗೆರೆಯ ಜಯದೇವಪ್ಪನ ನಮಸ್ಕಾರ.

ಈ ಕವರಿನಲ್ಲಿ ಒಂಬತ್ತು ಫೋಟೋಗಳಿವೆ. ಬಣಕಲ್ಲಿನ ಗುರುವಯ್ಯನವರ ಕ್ಯಾಮೆರಾದಿಂದ ಹೊರಬಂದದ್ದು ಒಟ್ಟು ಮೂವತ್ತನಾಲ್ಕು. ಅದರಲ್ಲಿ ಹನ್ನೆರಡರಲ್ಲಿ ಅವರ ಹೆಬ್ಬೆರಳೇ ದೊಡ್ಡದಾಗಿ ಬಿದ್ದಿದೆ, ಸಿಂಗಪುರ ಅದರ ಹಿಂದೆ ಅಲ್ಪಸ್ವಲ್ಪ ಕಾಣುತ್ತದೆ. ನೀವಿರುವ ಒಂಬತ್ತನ್ನು ಆರಿಸಿ ಕಳಿಸಿದ್ದೇನೆ. ಎಲ್ಲ ಡೀಲರುಗಳಿಗೂ ಹೀಗೇ ಕಳಿಸುತ್ತಿದ್ದೇನೆ, ನಿಮಗೊಬ್ಬರಿಗೇ ಅಂತ ತಿಳಿಯಬೇಡಿ.

ತೋಟಕ್ಕೆ ಔಷಧಿ ಹೊಡೆಯುವ ಸ್ಪ್ರೇಯರ್ ಪಂಪು ಹೆಚ್ಚು ಮಾರಿದ ಡೀಲರುಗಳನ್ನು ನಾಲ್ಕು ದಿನ ಸಿಂಗಪುರಕ್ಕೆ ಕರೆದೊಯ್ಯುತ್ತೇವೆಂದು ಕಂಪನಿಯ ಆಫೀಸರು ಹೇಳಿದಾಗ ನಾನು ನಂಬಿರಲಿಲ್ಲ. ವಿಮಾನ ಇಳಿದ ಮೇಲೂ ಪೂರ್ತಿ ನಂಬಿಕೆ ಬರಲಿಲ್ಲ. ಬಂದು ಹತ್ತು ದಿನ ಕಳೆದು, ಅಂಗಡಿಯ ಸ್ಟೂಲಿನ ಮೇಲೆ ಕೂತು ಯಾರದೋ ಪಂಪಿನ ವಾಷರ್ ಬಿಚ್ಚುವಾಗ ಈಗ, ಹೋಗಿ ಬಂದದ್ದು ಹೌದು ಅನ್ನಿಸತೊಡಗಿದೆ.

ನನಗೆ ಎಣಿಸುವ ಚಾಳಿ. ಸೈಕಲ್ಲಿನಲ್ಲಿ ಎಸ್ಟೇಟಿನಿಂದ ಎಸ್ಟೇಟಿಗೆ ಅಲೆದು ಪಂಪು ರಿಪೇರಿ ಮಾಡುತ್ತಿದ್ದ ಕಾಲದಲ್ಲಿ, ಬಿಚ್ಚಿದ ಸ್ಕ್ರೂ ಎಷ್ಟು, ಹಾಕಿದ್ದು ಎಷ್ಟು ಎಂದು ಎಣಿಸದಿದ್ದರೆ ಸಂಜೆ ಬೈಗುಳ ತಪ್ಪುತ್ತಿರಲಿಲ್ಲ. ಆ ಅಭ್ಯಾಸ ಸಿಂಗಪುರದಲ್ಲೂ ಬಿಡಲಿಲ್ಲ. ನಮ್ಮ ಹೋಟೆಲಿಗೆ ಮೂವತ್ತೊಂದು ಮಹಡಿ. ಲಿಫ್ಟು ಮೇಲೆ ಮುಟ್ಟಲು ಇಪ್ಪತ್ತೆರಡು ಸೆಕೆಂಡು. ಚಾರ್ಮಾಡಿ ಘಾಟಿ ಹತ್ತುವಾಗ ಕಿವಿ ಕಟ್ಟುತ್ತದಲ್ಲ, ಹತ್ತೊಂಬತ್ತನೇ ಮಹಡಿಗೆ ಅದೇ ರೀತಿ ಕಟ್ಟಿತು. ನಾಲ್ಕು ದಿನದಲ್ಲಿ ನನ್ನ ಕಿವಿಗೆ ಬಿದ್ದ ಹಾರನ್ ಮೂರು. ಅದರಲ್ಲಿ ಎರಡು ಗುರುವಯ್ಯನವರು ರಸ್ತೆ ದಾಟಿದ್ದಕ್ಕೆ.

ರಸ್ತೆ ಬದಿಯ ಮರಗಳನ್ನು ನೋಡಿ ನನಗೆ ಮೊದಲು ಬಂದ ಯೋಚನೆ, ಇಷ್ಟು ಮರಕ್ಕೆ ಮರಗಸಿ ಯಾರು ಮಾಡುತ್ತಾರೆ ಎಂದು. ನಮ್ಮಲ್ಲಿ ತೋಟಕ್ಕೆ ಬಿಸಿಲು ಬಿಡಲು ಸೊಂಟಕ್ಕೆ ಹಗ್ಗ ಸುತ್ತಿಕೊಂಡು ಹತ್ತಿ ಕೊಂಬೆ ಸವರುತ್ತಾರೆ. ಅಲ್ಲಿ ಎರಡನೇ ದಿನ ಕಂಡೆ: ಲಾರಿಯ ಮೇಲೊಂದು ತೊಟ್ಟಿಲು, ತೊಟ್ಟಿಲಲ್ಲಿ ಹೆಲ್ಮೆಟ್ ಹಾಕಿದ ಮನುಷ್ಯ, ತೊಟ್ಟಿಲೇ ಅವನನ್ನು ಮರದ ತಲೆಗೆ ಎತ್ತಿಕೊಂಡು ಹೋಗುತ್ತದೆ. ಗುರುವಯ್ಯನವರು ಬಸ್ಸಿನ ಕಿಟಕಿಯಿಂದ ಹೊರಗೆ ಬಾಗಿ, "ಅಲ್ಲ ಮಾರಾಯ, ಆ ಎಡಗಡೆ ಕೊಂಬೆ ಬಿಟ್ಯಲ್ಲ!" ಎಂದು ಕನ್ನಡದಲ್ಲಿ ಕೂಗಿದರು. ಆತ ಕೈ ಬೀಸಿದ.

ಮಳೆ ಬಂದದ್ದು ನೆನಪಿದೆಯೇ? ಮಧ್ಯಾಹ್ನ ಮೂರೂ ನಲವತ್ತಕ್ಕೆ ಶುರು, ನಾಲ್ಕಕ್ಕೆ ಮುಕ್ತಾಯ. ಊರಿಗೆ ಊರೇ ಚಾವಣಿಯ ಕೆಳಗೆ ಸೇರಿ ನಿಂತಿತು. ನಾವು ಮಾತ್ರ, "ಇದೊಂದು ಮಳೆಯಾ?" ಎಂದು ರಸ್ತೆ ಮಧ್ಯೆ ಆರಾಮವಾಗಿ ನಡೆದೆವು. ಅಲ್ಲಿನವರು ನಮ್ಮನ್ನು ನೋಡಿದ ಹಾಗೆ ನಾವು ಅಲ್ಲಿನ ಯಾವ ಕಟ್ಟಡವನ್ನೂ ನೋಡಲಿಲ್ಲ.

ನಮ್ಮ ಮಾನ ಹೋದದ್ದು ಮೂರನೇ ದಿನ, ಆ ದೊಡ್ಡ ಉದ್ಯಾನದಲ್ಲಿ. ಆಫೀಸರು ಹೂ ತೋರಿಸಲು ಕರೆದುಕೊಂಡು ಹೋದರೆ ನಮ್ಮ ಕಣ್ಣಿಗೆ ಬಿದ್ದದ್ದು ಕಾಫಿ ಗಿಡ. ಒಂದೇ ಒಂದು. ಕತ್ತರಿ ಕಾಣದೆ ಆಳೆತ್ತರ ಮೀರಿ ಬೆಳೆದದ್ದು, ಬುಡದಲ್ಲಿ ಹೆಸರಿನ ಫಲಕ, ಮೈತುಂಬ ಕೆಂಪು ಹಣ್ಣು.

"ಅಯ್ಯೋ, ಹಣ್ಣು ಉದುರ್ತಾ ಇದೆಯಲ್ರೀ! ಕೇಳೋರಿಲ್ವಾ ಇದನ್ನ?" ಅಂದರು ಗುರುವಯ್ಯ. "ಇವರ ತೋಟ ನೋಡ್ಕೊಳ್ಳೋ ರೈಟರ್ ಎಲ್ಲಿ ಮಲಗಿದಾನೆ?"

ಆಮೇಲೆ ಯಾರೂ ಯಾರಿಗೂ ಹೇಳಲಿಲ್ಲ. ಹನ್ನೊಂದು ಜನವೂ ಗಿಡಕ್ಕೆ ಬಿದ್ದೆವು. ಆರು ನಿಮಿಷ. ಒಂದು ಹಸಿರು ಕಾಯಿ ಕಿತ್ತಿಲ್ಲ, ಒಂದು ಎಲೆ ಹರಿದಿಲ್ಲ. ಯಾವ ಮೇಸ್ತ್ರಿಯೂ ಬೆರಳು ತೋರಿಸಲಾರದ ಕೆಲಸ. ನಿಮ್ಮ ಮಡಿಲು ತುಂಬಿತ್ತು. ಆಗ ಸೀಟಿ ಕೇಳಿಸಿತು. ಗಾರ್ಡು ಓಡಿ ಬಂದ, ಆಫೀಸರು ಕೈಮುಗಿದರು, ನೀವು ಮಡಿಲಿನ ಹಣ್ಣನ್ನೆಲ್ಲ ಗಿಡದ ಬುಡಕ್ಕೆ ಸುರಿದಿರಿ. ಗುರುವಯ್ಯನವರು ಒಂದು ಹಣ್ಣು ಹಿಚುಕಿ ಗಾರ್ಡಿನ ಬಾಯಿಗಿಟ್ಟು, "ಚೀಪು, ಸಿಹಿ ಇದೆ" ಅಂದರು. ಆತ ಚೀಪಿದ. ನಕ್ಕ. ಬಿಟ್ಟ.

ಈ ಕಥೆಯನ್ನು ಅಂಗಡಿಯಲ್ಲಿ ದಿನಕ್ಕೆ ಮೂರು ಸಲ ಹೇಳುತ್ತಿದ್ದೇನೆ. ಇದನ್ನು ಕೇಳಲೆಂದೇ ಬರುವವರಿದ್ದಾರೆ. ನಮ್ಮ ಮೆಕ್ಯಾನಿಕ್ ಗಿಡ್ಡಪ್ಪ, ನನಗಿಂತ ಐದು ವರ್ಷ ದೊಡ್ಡವನು, ನಿನ್ನೆ ತಲೆಯೆತ್ತದೆಯೇ ಹೇಳಿದ: "ಸೋಮವಾರ ಗಾರ್ಡು ಒಬ್ಬನೇ ಇದ್ದ. ಇವತ್ತಿಗೆ ಮೂರು ಜನ ಆದ್ರು. ವಾರ ಕಳೆಯೋದ್ರೊಳಗೆ ಪಟಾಲಂ ಬರ್ತದೆ."

ಫೋಟೋ ತಲುಪಿದ್ದಕ್ಕೆ ಎರಡು ಅಕ್ಷರ ಬರೆಯಿರಿ.

ಜಯದೇವಪ್ಪ

ಕಳಸ
23 ಮಾರ್ಚ್ 1998

ಜಯದೇವಪ್ಪನವರಿಗೆ ದ್ಯಾವಮ್ಮನ ವಂದನೆ.

ಫೋಟೋಗಳು ತಲುಪಿದವು. ಎಲ್ಲ ಡೀಲರುಗಳಿಗೂ ಕಳಿಸುತ್ತಿದ್ದೇನೆ ಎಂದು ಬರೆದಿದ್ದೀರಿ. ಕೊಪ್ಪದ ಡೀಲರು ನಿನ್ನೆ ಇಲ್ಲಿಗೆ ಬಂದಿದ್ದರು. ಅವರಿಗೆ ಒಂದೂ ಬಂದಿಲ್ಲವಂತೆ. ಅಂಚೆ ತಡವಾಗಿರಬೇಕು.

ನಿಮ್ಮ ಎಣಿಕೆಯಲ್ಲಿ ಎರಡು ತಪ್ಪಿವೆ. ಹೋಟೆಲಿಗೆ ಮಹಡಿ ಮೂವತ್ತು. ಲಿಫ್ಟಿನ ಗುಂಡಿಗಳಲ್ಲಿ ಹನ್ನೆರಡಾದ ಮೇಲೆ ನೇರ ಹದಿನಾಲ್ಕು ಇತ್ತು, ಹದಿಮೂರು ಇರಲಿಲ್ಲ. ನೀವು ಕೊನೆಯ ಅಂಕಿ ನೋಡಿ ನಂಬಿದ್ದೀರಿ. ಎರಡನೆಯದು, ಗಿಡಕ್ಕೆ ಬಿದ್ದವರು ಹತ್ತು ಜನ. ಕೊಪ್ಪದವರು ಬೆಂಚಿನ ಮೇಲೆ ಕೂತು ಬೂಟು ಕಳಚಿ ಕಾಲಿನ ಬೊಬ್ಬೆ ನೋಡಿಕೊಳ್ಳುತ್ತಿದ್ದರು.

ನೀವು ಮರ, ಮಳೆ, ಹಾರನ್ ಬರೆದಿರಿ. ನನಗೆ ಉಳಿದದ್ದು ಒಂದು ಫಾರಂ. ಮೊದಲ ದಿನ ಹೋಟೆಲಿನ ಕೌಂಟರಿನಲ್ಲಿ ಕೊಟ್ಟರಲ್ಲ, ಹೆಸರು, ಊರು, ಉದ್ಯೋಗ ಅಂತ. ಉದ್ಯೋಗದ ಮುಂದೆ ಏನು ಹಾಕಲಿ ಎಂದು ಆಫೀಸರನ್ನು ಕೇಳಿದೆ. "ಬಿಸಿನೆಸ್ ಅಂತ ಹಾಕಿ ಮೇಡಂ, ಮತ್ತೇನು?" ಅಂದರು. ಹಾಕಿದೆ. ಕೌಂಟರಿನ ಹುಡುಗಿ ಓದಿ ತಲೆಯಾಡಿಸಿ ಕೀಲಿ ಕೊಟ್ಟಳು. ಅಷ್ಟೇ. ಏಳು ವರ್ಷದಿಂದ ಅಂಗಡಿ ನಡೆಸುತ್ತಿದ್ದೇನೆ. ಕಳಸದಲ್ಲಿ ಇವತ್ತಿಗೂ ಅದು ನಮ್ಮ ಮನೆಯವರ ಅಂಗಡಿ. ಅವರು ತೀರಿಕೊಂಡ ಮೇಲೆ ನಾನು ಅದನ್ನು ಕಾಯುತ್ತಿರುವವಳು. ಆ ಊರಿನಲ್ಲಿ ನಾಲ್ಕು ದಿನ ಒಬ್ಬರೂ "ಯಜಮಾನರಿಲ್ವಾ?" ಎಂದು ಕೇಳಲಿಲ್ಲ. ನನ್ನ ವಯಸ್ಸಿನ ಹೆಂಗಸೊಬ್ಬಳು ಎರಡು ಮಹಡಿಯ ಬಸ್ಸನ್ನು ಒಂದು ಕೈಯಲ್ಲಿ ತಿರುಗಿಸುತ್ತಿದ್ದಳು. ನಾನು ಅವಳ ಹಿಂದಿನ ಸೀಟಿನಲ್ಲೇ ಕೂತಿದ್ದೆ. ನೀವೆಲ್ಲ ಎಡಗಡೆಯ ಸಮುದ್ರ ನೋಡುತ್ತಿದ್ದಿರಿ.

ಊರಿಗೆ ಬಂದು ಬಾಗಿಲು ತೆಗೆದೆ. ಮೊದಲ ಗಿರಾಕಿ ಕೇಳಿದ್ದೇ "ಲಿಂಗಪ್ಪಣ್ಣ ಇಲ್ವಾ ಅಕ್ಕ? ಪಂಪು ತೋರಿಸ್ಬೇಕಿತ್ತು." ಲಿಂಗಪ್ಪ ನನ್ನ ಮೈದುನ. ಒಳ್ಳೆಯವನು. ಆದರೆ ಪಂಪಿನ ತಲೆ ಯಾವುದು, ಬುಡ ಯಾವುದು ಅವನಿಗೆ ತಿಳಿಯದು. ಆ ಪಂಪನ್ನು ನಾನೇ ಬಿಚ್ಚಿ ಜೋಡಿಸಿ ಕೊಟ್ಟೆ.

ಉದ್ಯಾನದ ಕಥೆಯಲ್ಲಿ ನೀವು ಒಂದು ಸಂಗತಿ ಬಿಟ್ಟಿದ್ದೀರಿ. ಬಿಟ್ಟದ್ದು ಒಳ್ಳೆಯದು. ಅಂಗಡಿಯಲ್ಲಿ ಹೇಳುವಾಗಲೂ ಬಿಡಿ.

ದ್ಯಾವಮ್ಮ

ಮೂಡಿಗೆರೆ
6 ಏಪ್ರಿಲ್ 1998

ದ್ಯಾವಮ್ಮನವರಿಗೆ,

ಯಾವ ಸಂಗತಿ ಬಿಟ್ಟೆನೋ ನೆನಪಿಗೆ ಬರುತ್ತಿಲ್ಲ. ವಯಸ್ಸಾಯಿತು, ಐವತ್ತೊಂದು. ಮಹಡಿಯ ತಪ್ಪು ಒಪ್ಪಿದೆ. ಮೂವತ್ತೇ. ಈ ತಪ್ಪನ್ನು ಹಿಡಿದವರು ಇಡೀ ಮೂಡಿಗೆರೆಯಲ್ಲಿ ಯಾರೂ ಇರಲಿಲ್ಲ. ಹಿಡಿಯಲು ಕಳಸದವರೇ ಬೇಕಾಯಿತು.

ಇಲ್ಲಿ ಕಾಫಿಗೆ ಹೂವಿನ ಮಳೆ ಬಿತ್ತು, ದೇವರು ದೊಡ್ಡವನು. ಒಂಬತ್ತನೇ ದಿನಕ್ಕೆ ಗುಡ್ಡಕ್ಕೆ ಗುಡ್ಡ ಬೆಳ್ಳಗಾಗಿದೆ. ಅಂಗಡಿಯ ಮೈಲುತುತ್ತದ ವಾಸನೆಯನ್ನೂ ಮೀರಿ ಪರಿಮಳ ಒಳಗೆ ಬರುತ್ತಿದೆ. ಸಿಂಗಪುರದ ವಿಮಾನ ನಿಲ್ದಾಣದಲ್ಲಿ ಎಷ್ಟೊಂದು ಆರ್ಕಿಡ್ ಹೂವಿದ್ದವು, ಬಗ್ಗಿ ಬಗ್ಗಿ ಮೂಸಿದೆ, ಒಂದಕ್ಕೂ ವಾಸನೆಯಿಲ್ಲ. ಇಷ್ಟು ದೊಡ್ಡ ಊರು ಕಟ್ಟಿದವರಿಗೆ ಇದೊಂದು ಬಿಟ್ಟುಹೋಯಿತಲ್ಲ ಅನ್ನಿಸಿ, ಸುಳ್ಳೇಕೆ, ಸ್ವಲ್ಪ ಸಂತೋಷವೇ ಆಯಿತು.

ಅಲ್ಲಿ ನನಗೆ ಹಿಡಿಸಿದ್ದು ಬೆಳಗಿನ ತಿಂಡಿ. ತಿಂಡಿಯಲ್ಲ, ಆ ಮೇಜು. ಹನ್ನೊಂದು ಜನ ಒಂದೇ ಮೇಜಿನ ಸುತ್ತ, ಗುರುವಯ್ಯನವರು ಬ್ರೆಡ್ಡನ್ನು ಬೈಯುವುದು, ಆ ಸುಟ್ಟ ಕಾಫಿಯನ್ನು ನೀವು ತಳದಿಂದ ಕಲಕಿ, "ರೋಬಸ್ಟಾ. ಹುರಿಯುವಾಗ ಸಕ್ಕರೆ ಹಾಕಿದ್ದಾರೆ" ಎಂದು ತೀರ್ಪು ಕೊಡುವುದು. ನನ್ನ ಹೆಂಡತಿ ತೀರಿಕೊಂಡು ಒಂಬತ್ತು ವರ್ಷ. ಮಕ್ಕಳಿಲ್ಲ. ಇಲ್ಲಿ ನನ್ನ ತಿಂಡಿ ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ಏಳು ನಿಮಿಷದಲ್ಲಿ ಮುಗಿಯುತ್ತದೆ. ಅಲ್ಲಿ ದಿನಾ ಐವತ್ತು ನಿಮಿಷ ಕೂತಿದ್ದೆ. ಆಫೀಸರು ಬಸ್ಸು ಹೊರಟಿತು ಎಂದು ಕರೆಯಬೇಕಾಗುತ್ತಿತ್ತು.

ಜೊತೆಗೆ ಎರಡು ಡಜನ್ ನಾಝಲ್ ವಾಷರ್ ಇಟ್ಟಿದ್ದೇನೆ. ಕಳಸದಲ್ಲಿ ಸಿಗುವುದಿಲ್ಲವೆಂದು ಬಸ್ಸಿನಲ್ಲಿ ಅಂದಿದ್ದಿರಿ.

ಜಯದೇವಪ್ಪ

ಕಳಸ
21 ಏಪ್ರಿಲ್ 1998

ಜಯದೇವಪ್ಪನವರಿಗೆ,

ವಾಷರ್ ಬಂದವು. ಸರಿಯಾದ ಅಳತೆ.

ಇಲ್ಲಿ ಒಂದು ಮಾತು ಎದ್ದಿದೆ. ಅಂಗಡಿಯನ್ನು ಯಾರಿಗಾದರೂ ವಹಿಸಿಬಿಡಿ ಅತ್ತಿಗೆ, ಒಬ್ಬರೇ ಎಷ್ಟು ದಿನ, ನಮ್ಮ ಮನೆಗೆ ಬಂದು ಇರಿ ಎಂದು ಲಿಂಗಪ್ಪ ಹೇಳುತ್ತಿದ್ದಾನೆ. ಮೇ ತಿಂಗಳೊಳಗೆ ತೀರ್ಮಾನ ಕೇಳಿದ್ದಾನೆ. ಮಗಳು ಗಗನಾ ಚಿಕ್ಕಮಗಳೂರಿನಲ್ಲಿ ಕಾಲೇಜು ಓದುತ್ತಿದ್ದಾಳೆ, ಅವಳು "ಅಮ್ಮ, ನಿನ್ನಿಷ್ಟ" ಎನ್ನುತ್ತಾಳೆ. ಅಂಗಡಿ ಬಿಡಲು ನನಗೆ ಮನಸ್ಸಿಲ್ಲ. ಆದರೆ "ಒಬ್ಬರೇ" ಅನ್ನುವ ಮಾತಿಗೆ ನನ್ನಲ್ಲಿ ಉತ್ತರವೂ ಇಲ್ಲ.

ನಿಮಗೆ ತೋಚುವ ದಾರಿ ಏನಾದರೂ ಇದ್ದರೆ ಬರೆಯಿರಿ. ಬೇರೆಯವರನ್ನು ಕೇಳಬೇಕೆನಿಸಲಿಲ್ಲ.

ದ್ಯಾವಮ್ಮ

ಮೂಡಿಗೆರೆ
26 ಏಪ್ರಿಲ್ 1998

ದ್ಯಾವಮ್ಮನವರಿಗೆ,

ನಿಮ್ಮ ಪತ್ರ ತಲುಪಿದ್ದು ಗುರುವಾರ. ಭಾನುವಾರಕ್ಕೆ ಕೆಲಸ ಮುಗಿಸಿದ್ದೇನೆ. ಬಾಳೆಹೊನ್ನೂರಿನಲ್ಲಿ ಒಂದು ಪಾರ್ಟಿ ಇದೆ, ಒಳ್ಳೆಯ ಜನ. ಗೊಬ್ಬರದ ಅಂಗಡಿ ಇದೆ, ಕಳಸದಲ್ಲಿ ಒಂದು ಬ್ರಾಂಚು ಬೇಕೆಂದು ಎರಡು ವರ್ಷದಿಂದ ಹುಡುಕುತ್ತಿದ್ದಾರೆ. ನಾನು ಒಂದು ಮಾತು ಹಾಕಿದ್ದಕ್ಕೆ ಹಾರಿ ಬಿದ್ದರು. ಕಪಾಟು, ಕೌಂಟರು, ಇದ್ದ ಮಾಲು, ಎಲ್ಲವನ್ನೂ ಹಾಗೇ ತೆಗೆದುಕೊಳ್ಳುತ್ತಾರೆ. ಡೀಲರ್‌ಶಿಪ್ ಬದಲಾವಣೆಗೆ ಕಂಪನಿಯಲ್ಲಿ ನಾನೇ ಮಾತಾಡುತ್ತೇನೆ. ನೀವು ಒಂದು ಸಹಿ ಹಾಕಿದರೆ ಸಾಕು.

ಯಾರನ್ನೂ ಕೇಳದೆ ನನ್ನನ್ನು ಕೇಳಿದಿರಿ, ಅದು ನನಗೆ ದೊಡ್ಡ ಮರ್ಯಾದೆ. ಕೇಳಿದ ನಾಲ್ಕನೇ ದಿನಕ್ಕೆ ಗಿರಾಕಿ ಹುಡುಕಿಕೊಟ್ಟವನು ಈ ಜಿಲ್ಲೆಯಲ್ಲಿ ಬೇರೆ ಯಾರಾದರೂ ಇದ್ದರೆ ಹೇಳಿ.

ಮೇ ಇಪ್ಪತ್ತರ ಸುಮಾರಿಗೆ ಅವರು ಅಂಗಡಿ ನೋಡಲು ಬರುತ್ತಾರೆ.

ಜಯದೇವಪ್ಪ

ಕಳಸ
4 ಮೇ 1998

ಜಯದೇವಪ್ಪನವರಿಗೆ,

ಪತ್ರ ತಲುಪಿತು. ನೀವು ಬಹಳ ಚುರುಕು.

ದ್ಯಾವಮ್ಮ

ಮೂಡಿಗೆರೆ
30 ಮೇ 1998

ದ್ಯಾವಮ್ಮನವರಿಗೆ,

ಬಾಳೆಹೊನ್ನೂರಿನ ಪಾರ್ಟಿ ನಿನ್ನೆ ನನ್ನ ಅಂಗಡಿಗೆ ಬಂದಿದ್ದರು. ಮುಖ ನೋಡಿದರೆ ನಗುತ್ತಿದ್ದಾರೋ ಅಳುತ್ತಿದ್ದಾರೋ ತಿಳಿಯುವಂತಿರಲಿಲ್ಲ. ಕಳಸಕ್ಕೆ ಹೋದರಂತೆ. ನೀವು ಕೂರಿಸಿ ಕಾಫಿ ಕೊಟ್ಟಿರಂತೆ. ಒಂದು ಗಂಟೆ ಮಾತಾಡಿದಿರಂತೆ. ಅಂಗಡಿಯ ವಿಷಯ ಎತ್ತಿದಾಗಲೆಲ್ಲ ನೀವು ಅವರ ತೋಟದ ವಿಷಯ ಕೇಳಿದಿರಂತೆ. ಕೊನೆಗೆ ಎದ್ದು ಬರುವಾಗ ಅವರ ಜೀಪಿನಲ್ಲಿ ನಿಮ್ಮ ಎರಡು ಸ್ಪ್ರೇಯರ್ ಇದ್ದವಂತೆ! "ಅಂಗಡಿ ಕೊಳ್ಳೋಕೆ ಹೋದ್ನಾ, ಪಂಪು ಕೊಳ್ಳೋಕೆ ಹೋದ್ನಾ, ನಂಗೇ ಗೊತ್ತಾಗ್ಲಿಲ್ಲ ಮಾರಾಯ್ರೆ" ಎಂದರು.

ವ್ಯಾಪಾರ ಅಂದರೆ ಇದು. ಎದ್ದು ನಿಂತು ಚಪ್ಪಾಳೆ ತಟ್ಟಬೇಕೆನಿಸಿತು. ಆದರೆ ನನಗೆ ಅರ್ಥವಾಗಲಿಲ್ಲ. ಆ ಪಾರ್ಟಿ ಬೇಡವೇ? ಬೇರೆ ನೋಡಲೇ? ಕೊಟ್ಟಿಗೆಹಾರದಲ್ಲಿ ಇನ್ನೊಬ್ಬರಿದ್ದಾರೆ. ಮೇ ಮುಗಿಯುತ್ತಾ ಬಂತು.

ಒಂದು ತಿಂಗಳಾಯಿತು, ನಿಮ್ಮ ಅಕ್ಷರ ಕಂಡಿಲ್ಲ. ಹಿಂದಿನ ಪತ್ರದಲ್ಲಿ ನನ್ನಿಂದ ಏನಾದರೂ ತಪ್ಪಾಗಿದ್ದರೆ ಹೇಳಿಬಿಡಿ.

ಜಯದೇವಪ್ಪ

ಕಳಸ
2 ಜುಲೈ 1998

ಜಯದೇವಪ್ಪನವರಿಗೆ,

ರಸ್ತೆ ಎರಡು ಕಡೆ ಕುಸಿದಿತ್ತು, ಅಂಚೆ ಹತ್ತು ದಿನ ಬಂದಿಲ್ಲ. ಆದರೆ ನಾನು ಬರೆಯದಿದ್ದದ್ದು ರಸ್ತೆಯ ಕಾರಣಕ್ಕಲ್ಲ. ಬರೆದರೆ ಬೈಯಬೇಕಾಗುತ್ತದೆ ಎಂದು ಸುಮ್ಮನಿದ್ದೆ. ಈಗ ಬೈಯುವ ಸಿಟ್ಟು ಇಳಿದಿದೆ, ಹೇಳುವಷ್ಟು ಉಳಿದಿದೆ.

ಉದ್ಯಾನದ ಕಥೆಯಲ್ಲಿ ನೀವು ಬಿಟ್ಟ ಸಂಗತಿ ನೆನಪಿಲ್ಲ ಎಂದಿರಿ. ನಾನು ನೆನಪಿಸುತ್ತೇನೆ. ಗಿಡ ಎತ್ತರವಿತ್ತು. ಎಲ್ಲರೂ ಕೈಗೆಟುಕಿದ್ದನ್ನು ಕಿತ್ತರು. ನೀವು ಕೀಳಲಿಲ್ಲ. ಮೇಲಿನ ಕೊಂಬೆಯನ್ನು ಹಿಡಿದು ನನ್ನ ಎದೆಮಟ್ಟಕ್ಕೆ ಬಗ್ಗಿಸಿದಿರಿ. ನಾನು ಕುಯ್ದೆ. ಮುಗಿದ ಮೇಲೆ ಅದನ್ನು ಮೆಲ್ಲಗೆ ಬಿಟ್ಟು ಇನ್ನೊಂದನ್ನು ಬಗ್ಗಿಸಿದಿರಿ. ನಾಲ್ಕು ಕೊಂಬೆ. ಆರು ನಿಮಿಷದಲ್ಲಿ ನೀವು ಒಂದು ಮಾತೂ ಆಡಲಿಲ್ಲ. ನಿಮ್ಮನ್ನು ಬಲ್ಲವರು ಇದನ್ನು ನಂಬುವುದಿಲ್ಲ.

ನಮ್ಮ ಕಡೆ ತೋಟದಲ್ಲಿ ಒಬ್ಬರು ಬಗ್ಗಿಸಿ ಒಬ್ಬರು ಕುಯ್ಯುವ ಜೋಡಿ ಯಾವುದು ಎಂದು ನಿಮಗೆ ಗೊತ್ತು. ಗಂಡ ಹೆಂಡತಿ. ಇಲ್ಲವೇ ತಾಯಿ ಮಗಳು. ಬೇರೆ ಗಂಡಸು, ಬೇರೆ ಹೆಂಗಸನ್ನು ಯಾವ ಮೇಸ್ತ್ರಿಯೂ ಒಂದು ಗಿಡಕ್ಕೆ ನಿಲ್ಲಿಸುವುದಿಲ್ಲ.

ನೀವು ಅಂಗಡಿಯಲ್ಲಿ ದಿನಕ್ಕೆ ಮೂರು ಸಲ ಆ ಕಥೆ ಹೇಳಿದಿರಿ. ನೀವು ಬಿಟ್ಟದ್ದನ್ನು ಗುರುವಯ್ಯನವರು ಬಣಕಲ್ಲಿನಲ್ಲಿ ತುಂಬಿಸಿದರು. ಅದು ಬಸ್ಸು ಹತ್ತಿ ಯುಗಾದಿಯ ಹೊತ್ತಿಗೆ ಕಳಸಕ್ಕೆ ಬಂತು. "ಸಿಂಗಪುರದಲ್ಲಿ ಜೋಡಿ ಕುಯ್ಲು ಮಾಡಿದ್ರಂತೆ ಅಕ್ಕ?" ಎಂದು ಸಂತೆಯಲ್ಲಿ ಹೆಂಗಸರು ನಕ್ಕರು. ಅವರು ನಕ್ಕದ್ದು ನನಗೆ ಬೇಸರವಾಗಲಿಲ್ಲ. ಲಿಂಗಪ್ಪ ನಗಲಿಲ್ಲ. ಅಂಗಡಿ ಬಿಡಿ ಎಂಬ ಮಾತು ಹುಟ್ಟಿದ್ದು ಅಲ್ಲಿಂದ. ಅಂದರೆ ನಿಮ್ಮ ಬಾಯಿಂದ.

ಆದ್ದರಿಂದ ನಿಮ್ಮನ್ನು ಕೇಳಿದೆ. "ಒಬ್ಬರೇ" ಅನ್ನುವ ಮಾತಿಗೆ ಉತ್ತರವಿಲ್ಲ ಎಂದು ಬರೆದೆ. ಅದಕ್ಕಿಂತ ಬಿಡಿಸಿ ಬರೆಯಲು ನನಗೆ ಬರುವುದಿಲ್ಲ, ಬರಬಾರದು ಕೂಡ. ನೀವು ನಾಲ್ಕು ದಿನದಲ್ಲಿ ನನ್ನ ಕಪಾಟಿಗೆ ಗಿರಾಕಿ ಹುಡುಕಿದಿರಿ.

ಶ್ರಾವಣಕ್ಕೆ ಅಂಗಡಿಯ ಬೋರ್ಡು ಇಳಿಸೋಣ ಎಂದು ಲಿಂಗಪ್ಪ ಹೇಳಿದ್ದಾನೆ. ಸಿಂಗಪುರದಿಂದ ಬಂದವಳು ಅದನ್ನು ಇಳಿಸಲಾರೆ ಎಂದು ನನಗೆ ಗೊತ್ತು. ಹೇಗೆ ಉಳಿಸುತ್ತೇನೆ ಎಂದು ಗೊತ್ತಿಲ್ಲ.

ಕೊಟ್ಟಿಗೆಹಾರದ ಪಾರ್ಟಿಯನ್ನು ಕಳಿಸಬೇಡಿ. ಕಳಿಸಿದರೆ ಅವರಿಗೂ ಪಂಪು ಮಾರುತ್ತೇನೆ.

ದ್ಯಾವಮ್ಮ

ಮೂಡಿಗೆರೆ
10 ಜುಲೈ 1998

ದ್ಯಾವಮ್ಮನವರಿಗೆ,

ನಿಮ್ಮ ಪತ್ರ ಓದಿ ಅಂಗಡಿಯ ಅರ್ಧ ಬಾಗಿಲು ಎಳೆದುಕೊಂಡು ಕೂತೆ. ಗಿಡ್ಡಪ್ಪ ಬಂದು ಕೇಳಿದ. ಮೊದಲ ಸಲ ಅವನಿಗೆ ಓದಿ ಹೇಳಿದೆ, ನಿಮ್ಮ ಏಪ್ರಿಲ್ ಪತ್ರವನ್ನೂ ಸೇರಿಸಿ. ತಪ್ಪಾಗಿದ್ದರೆ ಕ್ಷಮಿಸಿ, ಇನ್ನು ಮೇಲೆ ಅವನೊಬ್ಬನ ಹೊರತು ಯಾರಿಗೂ ಏನನ್ನೂ ಹೇಳುವುದಿಲ್ಲ ಎಂದು ತೀರ್ಮಾನಿಸಿದ್ದೇನೆ.

ಅವನು ಸ್ಪ್ಯಾನರ್ ಕೆಳಗಿಟ್ಟು ಹೇಳಿದ: "ಆಯಮ್ಮ ಏಪ್ರಿಲ್ಲಲ್ಲೇ ಎಷ್ಟು ಸಲೀಸಾಗಿ ಬರ್ದಿದಾರೆ. ಪಂಪಿನ ಒಳಗೆ ಎಲ್ಲಿ ಗಾಳಿ ಹೋಗ್ತದೆ ಅಂತ ಕಿವಿಯಿಟ್ಟು ಹೇಳೋರು ನೀವು. ಇದೊಂದು ಕೇಳ್ಸಲಿಲ್ವಾ?"

ಕೇಳಿಸಿತ್ತು ದ್ಯಾವಮ್ಮನವರೇ. ಅದನ್ನು ಹೇಳಲೆಂದೇ ಈ ಪತ್ರ. ಬಿಟ್ಟ ಸಂಗತಿ ಮರೆತಿರಲಿಲ್ಲ. ಕೊಂಬೆ ನಾಲ್ಕಲ್ಲ, ಐದು. ಮೊದಲನೆಯದನ್ನು ಹಿಡಿದಾಗ ನೀವು ತಿರುಗಿ ನೋಡದೆ ಕೈ ಚಾಚಿದಿರಿ, ಅಲ್ಲಿ ಕೊಂಬೆ ಇದ್ದೇ ಇರುತ್ತದೆ ಎಂಬಂತೆ. ಆಗಲೇ ನನಗೆ ಎಲ್ಲ ಗೊತ್ತಾಯಿತು. ಸೀಟಿ ಕೇಳಿದಾಗ ಎಲ್ಲರೂ ಬೆಚ್ಚಿದರು. ನನಗೆ ಬಂದದ್ದು ಸಿಟ್ಟು, ಇನ್ನೊಂದು ಕೊಂಬೆ ಉಳಿದಿತ್ತಲ್ಲ ಎಂದು.

ಊರಿಗೆ ಬಂದು ಆ ಕಥೆ ಅಷ್ಟು ಸಲ ಯಾಕೆ ಹೇಳಿದೆ? ಅದನ್ನು ಬಿಟ್ಟು ಬೇರೆ ಯಾವುದನ್ನು ಹೇಳಲೂ ಮನಸ್ಸಿರಲಿಲ್ಲ. ಬಿಡಬೇಕಾದ್ದನ್ನು ಬಿಟ್ಟು ಉಳಿದದ್ದನ್ನು ಹೇಳಿದರೆ ಸಾಕು ಎಂದುಕೊಂಡೆ. ಗುರುವಯ್ಯನವರ ಕಣ್ಣು ಹೆಬ್ಬೆರಳಿಗಿಂತ ಚುರುಕು ಎಂದು ಮರೆತೆ. ನಿಮಗೆ ತೊಂದರೆಯಾದದ್ದು ನನ್ನ ಬಾಯಿಂದ, ಅದು ನಿಜ. ಬಾಳೆಹೊನ್ನೂರಿನ ಪಾರ್ಟಿಯ ವಿಷಯ ಅದಕ್ಕಿಂತ ನಾಚಿಕೆಗೇಡು. ನಿಮ್ಮ ಪತ್ರ ಬಂದ ದಿನ ನಾನೇ ಆ ಬಸ್ಸು ಹತ್ತಬೇಕಿತ್ತು. ಹೆದರಿದೆ. ನಿಮ್ಮ ಮಾತಿನ ಅರ್ಥ ನಾನು ತಿಳಿದದ್ದಲ್ಲ, ಬರೀ ಅಂಗಡಿಯ ವಿಷಯ ಎಂದಾಗಿದ್ದರೆ, ಮುಖ ಎತ್ತಿ ತಿರುಗಾಡುವುದು ಹೇಗೆ ಎಂದು ಹೆದರಿದೆ. ಗಿರಾಕಿ ಹುಡುಕುವುದು ನನಗೆ ಗೊತ್ತಿರುವ ಕೆಲಸ. ಗೊತ್ತಿರುವ ಕೆಲಸದ ಹಿಂದೆ ಅಡಗಿ ಕೂತೆ.

ಈಗ ಕೇಳುತ್ತೇನೆ. ನನ್ನನ್ನು ಮದುವೆಯಾಗುತ್ತೀರಾ? ಹಾಗೆಂದು ಅಂಗಡಿ ಬಿಡಿ ಎನ್ನುವುದಿಲ್ಲ. ಬೋರ್ಡು ಅಲ್ಲೇ ಇರಲಿ. ಸಿಂಗಪುರದ ಫಾರಂನಲ್ಲಿ ಬರೆದದ್ದನ್ನು ಕಳಸದಲ್ಲೂ ಬರೆದುಕೊಳ್ಳುವುದನ್ನು ನಾನು ನೋಡಬೇಕು.

ಬೇಡವೆಂದರೆ ಒಂದು ಮಾತು ಸಾಕು. ವಾಷರ್ ಆಗಲೂ ಬರುತ್ತವೆ.

ಜಯದೇವಪ್ಪ

ಕಳಸ
20 ಜುಲೈ 1998

ಜಯದೇವಪ್ಪನವರಿಗೆ,

ಕೊಂಬೆ ಐದು ಅಂದಿರಿ. ಮತ್ತೆ ಯೋಚಿಸಿದೆ. ಐದೇ. ಈ ಲೆಕ್ಕ ನಿಮ್ಮದೇ ಸರಿ.

ಗಗನಾ ರಜೆಗೆ ಬಂದಿದ್ದಳು. ನಿಮ್ಮ ಪತ್ರವನ್ನು ಅವಳ ಕೈಗೆ ಕೊಟ್ಟು ಅಡಿಗೆಮನೆಗೆ ಹೋದೆ. ಇಣುಕಿದರೆ ಬಾಯಿಗೆ ಸೆರಗು ಒತ್ತಿಕೊಂಡು ನಗುತ್ತಿದ್ದಾಳೆ. "ಅಮ್ಮಾ, ಇವರು ಮಾತಾಡಿದ್ರೆ ಹೀಗೇನಾ?" ಎಂದಳು. "ಇದಕ್ಕಿಂತ ಜಾಸ್ತಿ" ಎಂದೆ. "ಹಂಗಾದ್ರೆ ಮನೇಲಿ ರೇಡಿಯೋ ಬೇಡ ಬಿಡು" ಎಂದಳು. ಅವಳ ಒಪ್ಪಿಗೆ ಅಷ್ಟು.

ನನ್ನದು ಕೇಳಿ. ಸೋಮವಾರದಿಂದ ಶುಕ್ರವಾರ ನಾನು ಕಳಸದಲ್ಲಿ, ನೀವು ಮೂಡಿಗೆರೆಯಲ್ಲಿ. ಇಬ್ಬರ ಅಂಗಡಿಯೂ ತೆರೆದಿರಬೇಕು. ಶುಕ್ರವಾರ ಸಂಜೆ ಒಂದು ವಾರ ನಾನು ಬಸ್ಸು ಹತ್ತುತ್ತೇನೆ, ಒಂದು ವಾರ ನೀವು. ಬೋರ್ಡು ಇಳಿಯುವುದಿಲ್ಲ, ಬದಲಾಗುತ್ತದೆ. ಪೇಂಟರನಿಗೆ ಹೇಳಿಯಾಗಿದೆ. "ಮಾಲೀಕರು: ದ್ಯಾವಮ್ಮ" ಎಂದು ಬರೆಯುತ್ತಾನೆ. ನಿಮ್ಮ ಉತ್ತರ ಏನೇ ಇದ್ದರೂ ಅದನ್ನು ಬರೆಸುವವಳೇ ಆಗಿದ್ದೆ. ನಿಮ್ಮ ಪತ್ರಕ್ಕೆ ಒಂದು ದಿನ ಮೊದಲೇ ಹೇಳಿದ್ದೆ. ಅದು ನಿಮಗೆ ತಿಳಿದಿರಲಿ.

ಲಿಂಗಪ್ಪನ ಹತ್ತಿರ ನಾನೇ ಮಾತಾಡಿದೆ. ಮೊದಲು ಎದ್ದು ಹೋದ. ಅಂಗಳದಲ್ಲಿ ಎರಡು ಸುತ್ತು ಹೊಡೆದು ವಾಪಸು ಬಂದು ಕೇಳಿದ, "ಅಲ್ಲ ಅತ್ತಿಗೆ, ಊರೋರು ಮಾತಾಡ್ಕೊಳ್ಳೋದೇ ನಿಜ ಆಗಿಬಿಟ್ರೆ ಆಮೇಲೆ ಅವರು ಏನು ಮಾತಾಡ್ಬೇಕು?" ನನಗೂ ಗೊತ್ತಿಲ್ಲ ಎಂದೆ. ಅವನು ನಕ್ಕ. ಅವನು ನಕ್ಕದ್ದನ್ನು ಮಾರ್ಚಿನಿಂದ ನೋಡಿರಲಿಲ್ಲ.

ಇನ್ನು ಮೂರು ದಿನಕ್ಕೆ ಆಷಾಢ ಮುಗಿಯುತ್ತದೆ. ಶ್ರಾವಣದಲ್ಲಿ ಬನ್ನಿ. ಲಿಂಗಪ್ಪನ ಮನೆಗೆ ಬಂದು ಹಿರಿಯರ ಮುಂದೆ ಕೇಳಿ.

ಒಂದೇ ಒಂದು ಷರತ್ತು. ಇದಕ್ಕೆ ಉತ್ತರವನ್ನು ಕವರಿನಲ್ಲಿ ಬರೆಯಬೇಡಿ, ಕಾರ್ಡಿನಲ್ಲಿ ಬರೆಯಿರಿ. ಬಸ್ಸಿನವರು ಓದಲಿ, ಅಂಚೆಯವರು ಓದಲಿ. ಹೋದ ಸಲ ಊರಿಗೆ ಗುರುವಯ್ಯನವರ ಬಾಯಿಂದ ಗೊತ್ತಾಯಿತು. ಈ ಸಲ ನಿಮ್ಮ ಕೈಬರಹದಿಂದ ಗೊತ್ತಾಗಲಿ.

ದ್ಯಾವಮ್ಮ

ಮೂಡಿಗೆರೆ
27 ಜುಲೈ 1998
(ಅಂಚೆ ಕಾರ್ಡು)

ದ್ಯಾವಮ್ಮನವರೇ,

ಮದುವೆಯ ಮಾತಿಗೆ ಶನಿವಾರ ಏಳರ ಬಸ್ಸಿಗೆ ಬರುತ್ತಿದ್ದೇನೆ. ಜೊತೆಗೆ ಗಿಡ್ಡಪ್ಪ. ರಸ್ತೆ ಕುಸಿದಿದ್ದರೆ ಅಲ್ಲಿಂದ ನಡೆದು ಬರುತ್ತೇವೆ. ನೀವು ಹೇಳಿದ್ದೆಲ್ಲ ಒಪ್ಪಿಗೆ. ಹೇಳಲು ಇನ್ನೂ ಬಹಳ ಇತ್ತು, ಕಾರ್ಡಿನಲ್ಲಿ ಜಾಗವಿಲ್ಲ. ನೀವು ಕಾರ್ಡು ಯಾಕೆ ಅಂದಿರಿ ಎಂದು ಈಗ ತಿಳಿಯಿತು.

ನಿಮ್ಮ
ಜಯದೇವಪ್ಪ

ಕಳಸದ ಅಂಚೆಯವರ ಗಮನಕ್ಕೆ: ಓದಿದ್ದಾಯಿತಲ್ಲ ಸ್ವಾಮಿ, ಇನ್ನು ತಡಮಾಡದೆ ಅವರ ಕೈಗೆ ಮುಟ್ಟಿಸಿ.